ಹಿಂದಿನ ಕೋಣೆ ಬಿಟ್ಟು

ನಾನು ಬಿ.ಎ. ಆಗುವುದು ಆಗದ ಮಾತು ಎಂದು ಮೊದಲು ಹೇಳಿದವನು ನಮ್ಮ ಮನೆ ಮಾರಿಸಿಕೊಟ್ಟ ದಲ್ಲಾಳಿ. ಅವನು ನಮಗೆ ವೈರಿಯೇನಲ್ಲ. ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಅರಳೆಯ ಎಳೆ ಎಳೆದು ನೋಡಿ ಧಾರಣೆ ಹೇಳಿದ ಮನುಷ್ಯ. ಹತ್ತಿಯ ಬಗ್ಗೆ ಎಷ್ಟು ತಣ್ಣಗೆ ಹೇಳುತ್ತಿದ್ದನೋ ನನ್ನ ಬಗ್ಗೆಯೂ ಅಷ್ಟೇ ತಣ್ಣಗೆ ಹೇಳಿದ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಅಪ್ಪ ಕೆಳಗೆ ಕುಕ್ಕರಗಾಲಲ್ಲಿದ್ದ. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಸಂಕೋಚವೂ ಅವನಿಗಿರಲಿಲ್ಲ.

"ಮನಿ ಮಾರಿ ಓದಿಸಿದ್ದು ಯಾರದೂ ದಂಡಿ ಹತ್ತಿಲ್ಲೋ," ಅಂದ. "ಹಮಾಲನ ಮಗ ಬಿ.ಎ. ಆಗೋದು ಆಗದ ಮಾತು. ಮಾರಂದ್ರ ಮಾರಿಸಿ ಕೊಡ್ತೀನಿ, ನನಗೇನು, ಎರಡೂ ಕಡಿಂದ ದಲ್ಲಾಲಿ ಬರ್ತೈತಿ. ಆದ್ರ ಹೇಳಲಿಲ್ಲಂತ ಆಮ್ಯಾಲ ಅನಬ್ಯಾಡ."

ಅಪ್ಪ ಮಾರುಕಟ್ಟೆಯಲ್ಲಿ ಹತ್ತಿಯ ಅಂಡಿಗೆ ಎಂಬ ದೊಡ್ಡ ಮೂಟೆ ಹೊರುವ ಹಮಾಲ. ದಲ್ಲಾಳಿಗಳ ಮಾತಿಗೆ ಎದುರು ಮಾತು ಆಡಿ ಗೊತ್ತಿಲ್ಲದವನು. ತಾನು ಹೇಳಬೇಕೆಂದು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಒಂದೇ ಮಾತು ಹೇಳಿದ: "ಹಿಂದಿನ ಕೋಣಿ ಬಿಟ್ಟು, ಸಾವಕಾರ್ರ. ಮುಂದಿನದಷ್ಟ ಮಾರೋದು."

ಹಿಂದಿನ ಕೋಣೆ ನನ್ನ ಅಕ್ಕನದು.

ಮನೆ ಎಂದರೆ ದೊಡ್ಡದೇನಲ್ಲ. ಅಜ್ಜ ಕಟ್ಟಿದ ಎರಡಂಕಣದ ಮಣ್ಣಿನ ಮಾಳಿಗೆ, ಮುಂದೆ ಕಟ್ಟೆ, ಹಿಂದೆ ಒಂದು ಹಿತ್ತಲು. ಆ ಹಿತ್ತಲಲ್ಲಿ ಹಿಂದಿನ ಓಣಿಗೆ ಬೆನ್ನು ಹಚ್ಚಿ ಒಂದು ಕೋಣೆ ಇತ್ತು. ಅದು ಅಜ್ಜನದಲ್ಲ, ಅಪ್ಪನದೂ ಅಲ್ಲ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವಳನ್ನು ಕೋಸಗಿಗೆ ಕೊಟ್ಟಿತ್ತು. ಮೂರನೇ ವರ್ಷಕ್ಕೆ ಗಂಡ ತೀರಿಕೊಂಡ. ಇನ್ನೊಂದು ವರ್ಷ ಅತ್ತೆಮನೆಯಲ್ಲಿ ಹೇಗೋ ತಡೆದು, ಮೈಮೇಲಿನ ಬಂಗಾರ ಒಂದನ್ನೇ ಸೆರಗಿನಲ್ಲಿ ಕಟ್ಟಿಕೊಂಡು ತವರಿಗೆ ಬಂದಳು. ಬಂದವಳು ಆ ಬಂಗಾರ ಮಾರಿದಳು. ಅಪ್ಪ ಬೇಡವೆಂದ. ಓಣಿಯ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಕೆ ಕೇಳಲಿಲ್ಲ. ಕಲ್ಲು ತರಿಸಿದಳು, ತೊಲೆ ತರಿಸಿದಳು, ಮಣ್ಣಿಗೆ ಹೊಟ್ಟು ಬೆರೆಸಿ ತಾನೇ ತುಳಿದಳು. ಗೌಂಡಿ ಗೋಡೆ ಏರಿಸಿದ, ಮೆತ್ತಿದವಳು ಅಕ್ಕ. ಹಿಂದಿನ ಓಣಿಗೆ ಒಂದು ಬಾಗಿಲು ಇಡಿಸಿದಳು. "ನನ್ನ ಬಾಗಲಾ ನಾನ ತಗೀಬೇಕು, ನಾನ ಹಾಕಬೇಕು" ಎಂದು ಗೌಂಡಿಗೆ ಹೇಳಿದ್ದು ನನಗೆ ನೆನಪಿದೆ. ನಾನಾಗ ಪ್ರೈಮರಿ ಶಾಲೆಯ ಹುಡುಗ.

ಆ ಕೋಣೆಯಲ್ಲಿ ಅವಳ ರಾಟೆ ಇತ್ತು. ಓಣಿಯ ನೇಕಾರರು ನೂಲಿನ ಲಡಿ ತಂದುಕೊಡುತ್ತಿದ್ದರು. ಅಕ್ಕ ಅದನ್ನು ಮಗ್ಗಕ್ಕೆ ಬೇಕಾದ ಕಂಡಿಕೆಗಳಿಗೆ ಸುತ್ತಿಕೊಡುತ್ತಿದ್ದಳು. ಅವ್ವ ನನಗೆ ಐದು ವರ್ಷವಿದ್ದಾಗಲೇ ಹೋಗಿದ್ದಳು. ನನ್ನ ಹೊಟ್ಟೆ ಅಪ್ಪನ ಹೆಗಲಿನಿಂದ ತುಂಬಿತು. ನನ್ನ ಫೀಜು, ಸ್ಲೇಟು, ಪುಸ್ತಕ, ಹೈಸ್ಕೂಲಿಗೆ ಹಾಕಿಕೊಂಡು ಹೋದ ಮೊದಲ ಕೋಟು ಎಲ್ಲ ಆ ರಾಟೆಯಿಂದ ಬಂದವು. ಇದನ್ನು ನಾನು ಈಗ ಬರೆಯುತ್ತಿದ್ದೇನೆ. ಆಗ ಎಂದೂ ಬಾಯಿಬಿಟ್ಟು ಹೇಳಿದವನಲ್ಲ.

ನಮ್ಮ ಕಡೆಯಲ್ಲಿ, ನಮ್ಮಂಥವರಲ್ಲಿ, ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಈ ಮಾತು ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ, ಸುಳ್ಳು ಹೇಳುವುದಿಲ್ಲ. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಅನಂತಪುರಕ್ಕೆ ಹೋಗಿ ಇಂಟರ್ಮೀಡಿಯೆಟ್ ಓದಿದೆ. ಫೀಜು ಅರ್ಧ ಮಾಫಿ ಇತ್ತು. ವಾರದಲ್ಲಿ ನಾಲ್ಕು ದಿನ ಒಂದೊಂದು ಮನೆಯಲ್ಲಿ ಊಟ, ಉಳಿದ ದಿನ ಪುಟಾಣಿ, ಬೆಲ್ಲ. ಬಿ.ಎ.ಗೆ ಆ ಮಾಫಿ ಇರಲಿಲ್ಲ. ಊಟದ ಮನೆಗಳಲ್ಲೂ ಎರಡು ತಪ್ಪಿಹೋದವು. ಯುದ್ಧ ಶುರುವಾಗುವುದಕ್ಕೆ ಇನ್ನೂ ಒಂದೆರಡು ವರ್ಷ ಇದ್ದ ಕಾಲ. ಇಂಟರ್ ಪಾಸಾದವನಿಗೆ ಹತ್ತಿ ಒತ್ತಿ ಬೇಲು ಕಟ್ಟುವ ಪ್ರೆಸ್ಸಿನಲ್ಲಿ ಗುಮಾಸ್ತನ ಕೆಲಸ ಸಿಗುತ್ತಿತ್ತು. ಅಪ್ಪ ಅಷ್ಟಕ್ಕೇ ತೃಪ್ತನಾಗುತ್ತಿದ್ದ. ನಾನೂ ಆಗುತ್ತಿದ್ದೆನೋ ಏನೋ.

ಮನೆ ಮಾರುವ ಮಾತು ತೆಗೆದವಳು ಅಕ್ಕ. ರೊಟ್ಟಿ ಬಡಿಯುತ್ತ, ತಿರುಗಿ ಕೂಡ ನೋಡದೆ ಅಂದಳು: ಮುಂದಿನ ಎರಡಂಕಣ ಮಾರಿದರೆ ಇವನ ಓದು ಆಗುತ್ತದೆ, ಮೂವರು ನನ್ನ ಕೋಣೆಯಲ್ಲಿ ಇದ್ದರಾಯಿತು, ಇವನು ಹೇಗೂ ಅನಂತಪುರದಲ್ಲಿ ಇರುವವನು, ಇನ್ನು ಉಳಿಯುವುದು ನಾವಿಬ್ಬರೇ. ಅಪ್ಪ ಊಟ ಬಿಟ್ಟು ಎದ್ದು ಹೋದ. ಮರುದಿನ ಸಂಜೆ ಬಂದು ಅವಳ ಕೈ ಮೇಲೆ ಕೈ ಇಟ್ಟು, "ನಿನ್ನ ಕೋಣಿ ನಿನಗ. ಅದಕ್ಕ ಯಾರ ಕೈಯೂ ಹತ್ತಂಗಿಲ್ಲ" ಅಂದ. ಆಕೆ ಆಣೆ ಕೇಳಿರಲಿಲ್ಲ. ಅವನಾಗಿ ಕೊಟ್ಟದ್ದು.

ಆ ಕಾಲದಲ್ಲಿ ಮನೆ ಮಾರಿಸುವುದಕ್ಕೇ ಬೇರೆ ದಲ್ಲಾಳಿಗಳು ಇರಲಿಲ್ಲ. ಮಳೆಗಾಲದಲ್ಲಿ ಮಾರುಕಟ್ಟೆಗೆ ಹತ್ತಿ ಬರುವುದಿಲ್ಲ. ಆ ನಾಲ್ಕು ತಿಂಗಳು ಹತ್ತಿಯ ದಲ್ಲಾಳಿಗಳೇ ಮನೆ, ಹೊಲ, ಎತ್ತು ಎಂದು ಸುತ್ತುತ್ತಿದ್ದರು. ನಮ್ಮವನು ಮನೆಯನ್ನೂ ಹತ್ತಿ ನೋಡಿದ ಹಾಗೆಯೇ ನೋಡಿದ. ಗೋಡೆಯ ಮಣ್ಣನ್ನು ಉಗುರಿನಿಂದ ಕೆರೆದು ಎರಡು ಬೆರಳಲ್ಲಿ ತಿಕ್ಕಿದ. ತೊಲೆಗಳನ್ನು ಕೋಲಿನಿಂದ ಬಡಿದು ಕಿವಿಗೊಟ್ಟ. ಮಾಳಿಗೆ ಹತ್ತಿ ಒಂದು ಕೊಡ ನೀರು ಹೊಯ್ಯಲು ಹೇಳಿ, ಕೆಳಗೆ ಬಂದು ಮುಖ ಮೇಲೆ ಮಾಡಿ ನಿಂತ. ಎರಡು ಹನಿ ಹಣೆಯ ಮೇಲೆ ಬಿದ್ದವು. ಒರೆಸಿಕೊಂಡು, ನೋಡುವವರು ಬಿಸಿಲಲ್ಲಿ ಬರುವಂತೆ ಮಾಡುತ್ತೇನೆ, ಮಳೆ ದಿನ ಯಾರನ್ನೂ ಕರೆತರುವುದಿಲ್ಲ ಎಂದ.

ಆಮೇಲೆ ಅಕ್ಕನಿಗೆ ಸೂಚನೆಗಳು. ಮುಂದಿನ ಗೋಡೆಗೆ ಸುಣ್ಣ ಬಳಿಯಬೇಕು. ಉಳ್ಳಾಗಡ್ಡಿಯ ಗೊಂಚಲು ಇಳಿಸಬೇಕು. ಒಲೆಯ ಮಸಿ ತೊಳೆಯಬೇಕು. ನೋಡುವವರು ಬಂದಾಗ ರಾಟೆಯ ಸಪ್ಪಳ ಇರಬಾರದು.

"ಹೆಣ್ಣು ತೋರಿಸಿದಂಗ ಮನಿ ತೋರಿಸಬೇಕವ್ವ," ಅಂದ.

"ಹೆಣ್ಣು ತೋರಿಸಿದ ಮ್ಯಾಲ ಗಂಡಿನ ಮನಿ ನೋಡಾಕ ನಾವೂ ಹೋಗ್ತಿದ್ವಿರಿ," ಅಂದಳು ಅಕ್ಕ. "ಕೊಳ್ಳವರ ಮನಿ ನಮಗ ಯಾವಾಗ ತೋರಸ್ತೀರಿ?"

ದಲ್ಲಾಳಿ ನಕ್ಕ. ಅಪ್ಪನ ಕಡೆ ತಿರುಗಿ, ಇವಳನ್ನು ಮಾರುಕಟ್ಟೆಗೆ ಕಳಿಸಿದ್ದರೆ ನನ್ನ ಅನ್ನ ಹೋಗುತ್ತಿತ್ತು ಎಂದ. ಸುಣ್ಣವನ್ನಂತೂ ಅಕ್ಕ ಬಳಿದಳು, ಮುಂದಿನ ಗೋಡೆಗೆ ಮಾತ್ರ.

ಮೊದಲು ಬಂದವನು ತೊಗಲಿನ ವ್ಯಾಪಾರಿ. ಮನೆಯನ್ನು ಗೋದಾಮು ಮಾಡುತ್ತೇನೆಂದ. ನೆರೆಯವರು ಜಗಳಕ್ಕೆ ಬಂದರು. ಎರಡನೆಯವನು ಬೆಲೆ ಕೇಳಿ ಚಹಾ ಕುಡಿದು ಹೋದ. ಮೂರನೆಯವನು ಎಮ್ಮಿಗನೂರಿನ ಕಡೆಯಿಂದ ಬಂದು ಆದವಾನಿಯಲ್ಲಿ ನೂಲಿನ ಅಂಗಡಿ ಇಡಬೇಕೆಂದಿದ್ದ ವ್ಯಾಪಾರಿ. ಸಣ್ಣ ದನಿಯ ಮನುಷ್ಯ. ಒಳಗೆಲ್ಲ ನೋಡಿದ, ಹಿತ್ತಲಿಗೆ ಬಂದ, ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತು ಹಿಂದಿನ ಓಣಿಗೆ ತೆರೆದ ಬಾಗಿಲನ್ನು ಬಹಳ ಹೊತ್ತು ನೋಡಿದ. ನೂಲಿನ ಮೂಟೆ ಇಳಿಸುವುದಕ್ಕೆ ಅಂಥ ಬಾಗಿಲು ಅವನಿಗೆ ಬೇಕಾಗಿತ್ತು. ಅದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ದಲ್ಲಾಳಿಗೆ ಹೊಳೆದಿರಬೇಕು.

ಇಲ್ಲಿ ನಮ್ಮ ಮಾರುಕಟ್ಟೆಯ ಪದ್ಧತಿ ಒಂದನ್ನು ಹೇಳಬೇಕು. ಧಾರಣೆಯನ್ನು ಬಾಯಿಂದ ಯಾರೂ ಆಡುತ್ತಿರಲಿಲ್ಲ. ದಲ್ಲಾಳಿ ತನ್ನ ಹೆಗಲ ವಲ್ಲಿಯನ್ನು ಕೈ ಮೇಲೆ ಹಾಕುತ್ತಿದ್ದ. ಅದರ ಕೆಳಗೆ ಮಾರುವವನ ಬೆರಳುಗಳನ್ನು ಹಿಡಿದು ಬೆಲೆ ಹೇಳುತ್ತಿದ್ದ, ಕೊಳ್ಳುವವನ ಬೆರಳು ಹಿಡಿದು ಬೆಲೆ ಕೇಳುತ್ತಿದ್ದ. ಸುತ್ತ ನೂರು ಮಂದಿ ನಿಂತಿದ್ದರೂ ವಲ್ಲಿಯ ಒಳಗೆ ಏನಾಯಿತೆಂದು ಆ ಇಬ್ಬರಿಗೇ ಗೊತ್ತು. ಒಪ್ಪಿ ಗೋಣು ಹಾಕಿದರೆ ಮುಗಿಯಿತು. ವಲ್ಲಿ ತೆಗೆದ ಮೇಲೆ ಬ್ರಹ್ಮ ಬಂದರೂ ಮಾತು ತಿರುಗುವ ಹಾಗಿಲ್ಲ. ಅಪ್ಪ ಈ ಪದ್ಧತಿಯನ್ನು ದೇವರಂತೆ ನಂಬಿದವನು. ಒಮ್ಮೆ ಹಳ್ಳಿಯ ರೈತನೊಬ್ಬ ವಲ್ಲಿ ತೆಗೆದ ಮೇಲೆ ಒಲ್ಲೆನೆಂದು ಹತ್ತಿಯನ್ನು ಬಂಡಿಗೆ ವಾಪಸು ಹೇರಲು ಕರೆದಾಗ, ಅಪ್ಪ, ಅಂಥವನ ಅಂಡಿಗೆಯನ್ನು ಮುಟ್ಟುವುದಿಲ್ಲ ಎಂದು ಆ ದಿನದ ಕೂಲಿ ಬಿಟ್ಟು ಮನೆಗೆ ಬಂದಿದ್ದ.

ಆದರೆ ಹಮಾಲರ ಕೈ ಎಂದೂ ವಲ್ಲಿಯ ಕೆಳಗೆ ಹೋಗುವುದಿಲ್ಲ. ವಲ್ಲಿ ಹಾಸಿದೊಡನೆ ಅವರು ದೂರ ಸರಿದು ಮುಖ ತಿರುಗಿಸಿ ನಿಲ್ಲಬೇಕು. ಒಂದು ಬೆರಳಿಗೆ ಇಷ್ಟು ರೂಪಾಯಿ ಎಂಬುದು ಅಪ್ಪನಿಗೆ ಕೇಳಿ ಗೊತ್ತಿತ್ತು. ಒಳಗೆ ಬೆರಳಿನ ಹೊರತು ಇನ್ನೇನು ನಡೆಯುತ್ತದೆ ಎಂಬುದು ಇಪ್ಪತ್ತೈದು ವರ್ಷ ಅಲ್ಲೇ ದುಡಿದರೂ ಗೊತ್ತಿರಲಿಲ್ಲ.

ವ್ಯಾಪಾರ ನಮ್ಮ ಕಟ್ಟೆಯ ಮೇಲೆಯೇ ಆಯಿತು, ಮಟಮಟ ಮಧ್ಯಾಹ್ನ. ನೂಲಿನ ವ್ಯಾಪಾರಿ ಒಂದು ಕಡೆ, ಅಪ್ಪ ಒಂದು ಕಡೆ, ದಲ್ಲಾಳಿ ನಡುವೆ. ಅಪ್ಪ ಕಟ್ಟೆಯ ಮೇಲೆ ಅವರ ಸಮಕ್ಕೆ ಕೂತದ್ದನ್ನು ನಾನು ಅಂದೇ ನೋಡಿದ್ದು. ನಾನು ಬಾಗಿಲಲ್ಲಿದ್ದೆ. ಅಕ್ಕ ಒಳಗಿದ್ದಳು, ರಾಟೆ ನಿಲ್ಲಿಸಿದ್ದಳು. ದಲ್ಲಾಳಿ ಮೊದಲು ವ್ಯಾಪಾರಿಯ ಕೈ ಹಿಡಿದ, ವಲ್ಲಿಯ ಕೆಳಗೆ ಸ್ವಲ್ಪ ಹೊತ್ತು ಏನೇನೋ ಆಯಿತು. ಆಮೇಲೆ ಅಪ್ಪನ ಕಡೆ ತಿರುಗಿದ.

"ಕೈ ಕೊಡ್ರಿ," ಅಂದ.

ಅಪ್ಪನನ್ನು ಅವನು ಇಷ್ಟು ವರ್ಷವೂ 'ಏ' ಎಂದೂ 'ಏನೋ' ಎಂದೂ ಕರೆದವನು. ಮಾರುವವನ ಕೈ ಹಿಡಿಯುವಾಗ ಎಲ್ಲರಿಗೂ ಹಾಗೇ ಅನ್ನುವುದು ಅವನ ರೂಢಿಯಿರಬೇಕು, ಅದರಲ್ಲಿ ಅವನ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ಆ 'ಕೊಡ್ರಿ' ಎಂಬ ಮಾತಿಗೆ ಅಪ್ಪನ ಮುಖ ಏನಾಯಿತೆಂದು ನಾನು ಕಂಡೆ. ಕೈಯನ್ನು ಪಂಜೆಗೆ ಒರೆಸಿಕೊಂಡ. ಇನ್ನೊಮ್ಮೆ ಒರೆಸಿಕೊಂಡ. ವಲ್ಲಿಯ ಕೆಳಗೆ ಇಟ್ಟ. ದಲ್ಲಾಳಿ ಅವನ ಕಣ್ಣನ್ನೇ ನೋಡುತ್ತಿದ್ದ. ಅಪ್ಪ ಗೋಣು ಹಾಕಿದ. ದಲ್ಲಾಳಿ ಸ್ವಲ್ಪ ತಡೆದ, ಮತ್ತೆ ಏನೋ ಮಾಡಿದ, ಹುಬ್ಬು ಏರಿಸಿದ. ಅಪ್ಪ ಮತ್ತೆ ಗೋಣು ಹಾಕಿದ. ವಲ್ಲಿ ತೆಗೆದರು. ವ್ಯಾಪಾರಿ ಎಲೆ ಅಡಿಕೆ ಇಟ್ಟು ಸಂಚಕಾರದ ರೂಪಾಯಿ ಅಪ್ಪನ ಕೈಯಲ್ಲಿ ಹಾಕಿದ. ಒಪ್ಪಂದ ಗಟ್ಟಿಯಾಯಿತು.

ಅವರನ್ನು ಕಳಿಸಲು ನಾವು ಓಣಿಯ ತುದಿಯವರೆಗೆ ಹೋದೆವು. ವ್ಯಾಪಾರಿ ಮುಂದೆ ಹೋದ ಮೇಲೆ ದಲ್ಲಾಳಿ ಅಪ್ಪನ ಬೆನ್ನು ತಟ್ಟಿದ. ಆ ಕೋಣೆ ಸೇರಿದ್ದಕ್ಕೇ ನಾಲ್ಕು ಬೆರಳು ಬಂತು, ಇಲ್ಲದಿದ್ದರೆ ಎರಡಕ್ಕೂ ಕಷ್ಟವಿತ್ತು, ನೀನು ಜಾಣ, ಕೊನೆಗೆ ಮನಸ್ಸು ಬದಲಿಸಿದೆ ಎಂದ.

ಅಪ್ಪ ನಿಂತುಬಿಟ್ಟ. "ಕೋಣಿ ಬಿಟ್ಟು ಅಂದಿದ್ನೆಲ್ಲರಿ."

"ಅಂದಿದ್ದಿ. ಅದಕ್ಕ ಅಂಗೈ ಒತ್ತಿದೆನೆಲ್ಲೋ. ಎರಡು ಸಲ ಒತ್ತಿದೆ. ಅಂಗೈ ಒತ್ತಿದ್ರ ಇಡೀ ರಾಶಿ ಅಂತ. ನೀ ಗೋಣ ಹಾಕಿದಿ." ಅವನ ದನಿಯಲ್ಲಿ ಮೋಸವಿರಲಿಲ್ಲ, ನಿಜವಾಗಿಯೇ ಬೆರಗಾಗಿದ್ದ. "ಇಪ್ಪತ್ತೈದು ವರ್ಷ ಮಾರುಕಟ್ಟಿನ್ಯಾಗ ಅದೀ. ಗೊತ್ತಿಲ್ಲೇನು?"

ಗೊತ್ತಿಲ್ಲ ಎಂದು ಅಪ್ಪ ಹೇಳಬಹುದಾಗಿತ್ತು. ಹೇಳಲಿಲ್ಲ. "ಗೊತ್ತೈತಿ ಬಿಡ್ರಿ," ಅಂದ.

ದಲ್ಲಾಳಿ ಹೋದ. ವಾಪಸು ಬರುವಾಗ ಅಪ್ಪ ಗೋಡೆ ಹಿಡಿದುಕೊಂಡು ನಡೆದ. ಕೇಳುವುದಕ್ಕೆ ನಾಚಿಕೆಯಾಯಿತು ಎಂದು ನನಗೆ ಹೇಳಿದ, ನನ್ನ ಮುಖ ನೋಡದೆ. ಜೀವಮಾನದಲ್ಲಿ ಒಂದು ಸಲ ಕೈ ಒಳಗೆ ಹೋಯಿತು. ಅಂಗೈ ಒತ್ತಿದರೆ ಏನೆಂದು ಆ ವ್ಯಾಪಾರಿಯ ಎದುರಿಗೆ ಹೇಗೆ ಕೇಳಲಿ ಎಂದ. ನಾನು, ಹೋಗಿ ಈಗಲೇ ಹೇಳೋಣ, ತಪ್ಪಾಯಿತೆಂದರೆ ಆಯಿತು, ಎಂದೆ. ಎಂದೆನೇನೋ ನಿಜ. ಆದರೆ ಎಷ್ಟು ಮೆತ್ತಗೆ ಎಂದೆ! ವಲ್ಲಿ ತೆಗೆದಾಗಿದೆ ಎಂದ ಅಪ್ಪ. ನಾನು ಎರಡನೇ ಸಲ ಹೇಳಲಿಲ್ಲ. ಏಕೆಂದರೆ ಓಣಿಯ ತುದಿಯಿಂದ ಮನೆಯ ಬಾಗಿಲು ಬರುವಷ್ಟರಲ್ಲಿ ನನ್ನ ತಲೆಯೊಳಗೆ ಒಂದು ಲೆಕ್ಕ ಆಗಿಹೋಗಿತ್ತು: ಎರಡು ಬೆರಳಿಗೆ ಬಿ.ಎ.ಯ ಒಂದು ವರ್ಷ ಸಾಗುತ್ತದೆ. ನಾಲ್ಕು ಬೆರಳಿಗೆ ಎರಡೂ ವರ್ಷ.

ಅಕ್ಕನಿಗೆ ಅಪ್ಪ ಹೇಳುತ್ತಾನೆಂದು ನಾನು ಕಾದೆ. ನಾನು ಹೇಳುತ್ತೇನೆಂದು ಅಪ್ಪ ಕಾದನೋ ಏನೋ. ಹೀಗೆ ನಾಲ್ಕು ದಿನ ಹೋದವು. ಐದನೇ ದಿನ ಸಂಜೆ ದಸ್ತಾವೇಜು ಬರಹಗಾರನ ಕಡೆಯಿಂದ ಕ್ರಯಪತ್ರದ ಕರಡು ಬಂತು. ಮರುದಿನ ರಿಜಿಸ್ಟ್ರಾರ ಕಚೇರಿಗೆ ಹೋಗಬೇಕು. ಕಾಗದ ತೆಲುಗಿನಲ್ಲಿತ್ತು, ಕಚೇರಿಯ ತೆಲುಗು. ಮನೆಯಲ್ಲಿ ಓದು ಬಂದವನು ನಾನೊಬ್ಬನೇ.

"ಓದಪ, ಕೇಳೂನು," ಅಂದಳು ಅಕ್ಕ. ಹೆಮ್ಮೆಯಿಂದ ಅಂದಳು. ನಾನು ಕಾಗದ ಓದುವುದನ್ನು ಕೇಳುವುದು ಅವಳಿಗೆ ಹಬ್ಬ. ಪೋಸ್ಟಿನವನು ತಂದ ಯಾರದೋ ಕಾಗದವನ್ನೂ ನನ್ನಿಂದ ಓದಿಸಿ ಕೇಳುವವಳು. ಸೆರಗು ಸರಿಮಾಡಿಕೊಂಡು ಎದುರಿಗೆ ಕೂತಳು. ಅಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದ.

ಓದುತ್ತ ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದೆ. ಮಾರುವವರು ಇಂಥವರು, ಕೊಳ್ಳುವವರು ಇಂಥವರು, ಮನೆ ಇಂಥ ಓಣಿಯಲ್ಲಿದೆ. ಆಮೇಲೆ ಚೆಕ್ಕುಬಂದಿ, ಅಂದರೆ ಮಾರುವ ಜಾಗಕ್ಕೆ ನಾಲ್ಕು ದಿಕ್ಕಿನಲ್ಲಿ ಏನೇನಿದೆ ಎಂಬ ವಿವರ. ಮೂಡಣಕ್ಕೆ ರಸ್ತೆ, ಎಂದೆ. ತೆಂಕಣಕ್ಕೆ ಮಗ್ಗದವರ ಮನೆ ಗೋಡೆ, ಎಂದೆ. ಬಡಗಣಕ್ಕೆ ಬೇವಿನ ಗಿಡದವರ ಹಿತ್ತಲು, ಎಂದೆ.

ಪಡುವಣಕ್ಕೆ ಅಕ್ಕನ ಕೋಣೆ ಎಂದಿರಬೇಕಿತ್ತು. ಕಾಗದದಲ್ಲಿ, ಪಡುವಣಕ್ಕೆ ಹಿಂದಿನ ಓಣಿ ಎಂದಿತ್ತು. ಕೋಣೆ ಮಾರುವ ಜಾಗದ ಒಳಗೆ ಬಿದ್ದಿತ್ತು.

ಆ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋದೆ. ದನಿ ನಡುಗಲಿಲ್ಲ. ಅದು ನನಗೆ ಇಂದಿಗೂ ಆಶ್ಚರ್ಯ. ತರಗತಿಯಲ್ಲಿ ಎದ್ದು ಓದುವಾಗ ನಡುಗುವ ದನಿ, ಅಂದು ನಡುಗಲಿಲ್ಲ. ಹಕ್ಕು, ಬಾಧ್ಯತೆ, ವಂಶಪಾರಂಪರ್ಯ ಎಂದು ಕೊನೆಯವರೆಗೂ ಓದಿ ಮಡಿಸಿ ಇಟ್ಟೆ.

ಅಕ್ಕನಿಗೆ ಅಕ್ಷರ ಬಾರದು. ದಿಕ್ಕು ನಾಲ್ಕು ಎಂಬುದು ಗೊತ್ತಿರದೇನು? ಅವಳು ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು, ಇನ್ನೂ ಏನೋ ಬರಬೇಕು ಎನ್ನುವಂತೆ. ನನ್ನ ಮುಖ ನೋಡಿದಳು, ಅಪ್ಪನ ಮುಚ್ಚಿದ ಕಣ್ಣು ನೋಡಿದಳು. ಆಮೇಲೆ, ರೊಟ್ಟಿ ಆರುತ್ತವೆ, ಏಳಿ, ಎಂದು ಎದ್ದಳು. ನಾನು ಅಂದು, ಅವಳಿಗೆ ತಿಳಿಯಲಿಲ್ಲ, ಸದ್ಯ, ಎಂದುಕೊಂಡು ಊಟ ಮಾಡಿದೆ. ಎರಡು ರೊಟ್ಟಿ ಹೆಚ್ಚೇ ತಿಂದೆ.

ಬೆಳಿಗ್ಗೆ ನಾವು ಕಚೇರಿಗೆ ಹೊರಡುವಾಗ ಹಿಂದಿನ ಕೋಣೆಯಿಂದ ತಟತಟ ಸಪ್ಪಳ ಬರುತ್ತಿತ್ತು. ಹೋಗಿ ನೋಡಿದೆ. ಅಕ್ಕ ಕಲ್ಲಿನಿಂದ ಹೊಡೆದು ರಾಟೆಯ ಬೆಣೆ ಕಳಚುತ್ತಿದ್ದಳು. ಕಾಲುಗಳನ್ನು ಬೇರೆ ಮಾಡಿ, ಚಕ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿದ್ದಳು. ಮೂಲೆಯಲ್ಲಿ ಗಂಟು ಕಟ್ಟಿತ್ತು. ನೇಕಾರರ ಲಡಿಗಳನ್ನು ಯಾರಿಗೆ ಎಷ್ಟು ವಾಪಸು ಕೊಡಬೇಕೆಂದು ಎಣಿಸುತ್ತ, ನನ್ನನ್ನು ನೋಡದೆಯೇ, "ಹೊತ್ತಾಗತೈತಿ, ಹೋಗು. ಅಪ್ಪನ ಕೈ ಹಿಡ್ಕೋ, ಅಲ್ಲಿ ಮೆಟ್ಟಲಾ ಎತ್ತರ ಅದಾವ" ಅಂದಳು.

ಕಚೇರಿಯಲ್ಲಿ ಅಪ್ಪ ಹೆಬ್ಬೆರಳು ಒತ್ತಿದ. ಸಾಕ್ಷಿಯ ಜಾಗದಲ್ಲಿ ನಾನು ಇಂಗ್ಲಿಷಿನಲ್ಲಿ ಸಹಿ ಹಾಕಿದೆ. ಬರಹಗಾರ ನನ್ನ ಸಹಿಯನ್ನು ಹೊಗಳಿದ.

ನೂಲಿನ ವ್ಯಾಪಾರಿಯ ಹೆಂಡತಿ ಮನೆ ನೋಡಲು ಬಂದ ದಿನ ಕೋಣೆ ಖಾಲಿಯಿತ್ತು, ನೆಲ ಸಾರಿಸಿತ್ತು. ಆಕೆ ಒಳ್ಳೆಯ ಹೆಂಗಸು. ನೀವು ಒಂದೆರಡು ತಿಂಗಳು ಇರಬಹುದು, ಅವಸರವಿಲ್ಲ ಎಂದಳು. ಅಕ್ಕ, ಬೇಡವೆಂದಳು. ಎಮ್ಮಿಗನೂರಿನಲ್ಲಿ ಗುರುತಿನ ನೇಕಾರರ ಮನೆಯವರು ಕಂಡಿಕೆ ಸುತ್ತಲು ಒಬ್ಬಳು ಬೇಕೆಂದಿದ್ದರು. ಪಡಸಾಲೆಯ ಮೂಲೆಯಲ್ಲಿ ಜಾಗ, ಎರಡು ಹೊತ್ತು ಊಟ. ನೂಲಿನ ಬಂಡಿಯೊಂದು ಆ ಕಡೆ ಹೊರಟಿತ್ತು. ರಾಟೆಯ ಚಕ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂಡಿಯ ಹಿಂದೆ ಕೂತಳು. ಅನಂತಪುರದಲ್ಲಿ ನೀರು ಗಡಸು, ತಲೆಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ ಎಂದು ನನಗೆ ಹೇಳಿದಳು. ಬಂಡಿ ತಿರುಗುವವರೆಗೂ ನಾನು ಅವಳ ಬೆನ್ನನ್ನು ನೋಡುತ್ತ ನಿಂತೆ. ಅಪ್ಪ ಬಂದಿರಲಿಲ್ಲ. ಅಂದಿನಿಂದ ಅವನು ಪ್ರೆಸ್ಸಿನ ಹಿಂದೆ ಹಮಾಲರು ಮಲಗುವ ಚಪ್ಪರದಲ್ಲಿ ಇರತೊಡಗಿದ. ಮಾರುಕಟ್ಟೆಗೆ ಹತ್ತಿರದ ದಾರಿ ನಮ್ಮ ಓಣಿಯ ಮೇಲೆ ಹೋಗುತ್ತದೆ. ಅವನು ಸುತ್ತು ಹಾಕಿ ಹೋಗುತ್ತಿದ್ದನಂತೆ.

ಬಿ.ಎ. ಎರಡು ವರ್ಷದಲ್ಲಿ ಮುಗಿಯಲಿಲ್ಲ. ಮೊದಲ ಸಲ ಇಂಗ್ಲಿಷಿನಲ್ಲಿ ಹೋಯಿತು. ಅದನ್ನು ಮುಚ್ಚಿಡುವುದಿಲ್ಲ. ಮನೆಯ ದುಡ್ಡು ಅಷ್ಟರಲ್ಲಿ ತೀರಿತ್ತು. ವಕೀಲರೊಬ್ಬರ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಅವರ ಕಕ್ಷಿದಾರರು ಮಲಗುವ ಜಗಲಿಯಲ್ಲಿ ಮಲಗಿ, ಇನ್ನೊಮ್ಮೆ ಕೂತೆ. ಓದು ತಲೆಗೆ ಹತ್ತದ ದಿನ ನನಗೆ ಕಾಣುತ್ತಿದ್ದದ್ದು ಒಂದೇ, ಬಂಡಿಯ ಹಿಂದೆ ಕೂತ ಅವಳ ಬೆನ್ನು. ಅಷ್ಟು ಮಾಡಿ ಪಾಸಾಗದಿದ್ದರೆ ನನ್ನಂಥ ಪಾಪಿ ಇಲ್ಲ ಎಂದು ಓದಿದೆ. ಪಾಸಾದೆ. ಪಾಸಾದ ಮೇಲೂ ಆ ಪಾಪ ಹಾಗೇ ಇತ್ತು ಎಂಬುದು ತಿಳಿದದ್ದು ಆಮೇಲೆ.

ಪದವಿಯ ಕಾಗದ ಮದರಾಸಿನಿಂದ ಅಂಚೆಯಲ್ಲಿ ಬಂತು. ಹೋಗಿ ನಿಲುವಂಗಿ ತೊಟ್ಟು ತೆಗೆದುಕೊಳ್ಳುವಷ್ಟು ನನ್ನಲ್ಲಿ ಇರಲಿಲ್ಲ. ಆದವಾನಿಗೆ ಒಯ್ದೆ. ಮಾರುಕಟ್ಟೆಯಲ್ಲಿ ದಲ್ಲಾಳಿಯೇ ಮೊದಲು ಎದುರಾದ. ಆಗದ ಮಾತು ಎಂದವನು, ಈಗ ನನ್ನ ರಟ್ಟೆ ಹಿಡಿದು ಅಂಗಡಿ ಅಂಗಡಿಗೆ ತೋರಿಸಿದ, ನಾನು ಮಾರಿಸಿದ ಮನೆ ಬಿ.ಎ. ಆಗಿ ಬಂದಿದೆ ನೋಡಿ ಎಂದು. ಅಪ್ಪ ತೂಕದ ಕಟ್ಟೆಯ ಹತ್ತಿರ ಕೂತಿದ್ದ. ಕಾಗದ ತೆಗೆದು ಮುಂದೆ ಹಿಡಿದೆ. ಅವನು ಕೈ ಚಾಚಲಿಲ್ಲ.

"ನನಗ ಬ್ಯಾಡ," ಅಂದ. "ಅಕಿ ಕೈಯಾಗ ಕೊಡು, ಹೋಗು."

ಎಮ್ಮಿಗನೂರಿಗೆ ಮೋಟಾರಿನಲ್ಲಿ ಹೋದೆ. ನೇಕಾರರ ಮನೆಯಲ್ಲಿ ನಾಲ್ಕು ಮಗ್ಗ ಒಟ್ಟಿಗೆ ನಡೆಯುತ್ತಿದ್ದವು. ಮಾತು ಕೇಳಬೇಕೆಂದರೆ ಬಾಗಬೇಕು. ಅಕ್ಕ ಪಡಸಾಲೆಯ ಮೂಲೆಯಲ್ಲಿ ರಾಟೆಯ ಮುಂದೆ ಇದ್ದಳು. ಅವಳ ಆಚೆ ಆ ಮನೆಯವರ ಜೋಳದ ಚೀಲಗಳು, ಈಚೆ ಅವರ ಒಡೆದ ಹಳೆಯ ಮಗ್ಗ. ನಡುವೆ ಒಬ್ಬರು ಕಾಲು ಮಡಿಸಿ ಮಲಗುವಷ್ಟು ನೆಲ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು, ಊಟ ಆಯಿತೇ ಎಂದಳು.

ನಾನು ಬಿ.ಎ. ಆದೆ ಅಕ್ಕ, ಎಂದು ಕಾಗದ ಕೊಟ್ಟೆ. ಅವಳ ಬೆರಳಿಗೆ ನೂಲಿನ ಗಂಜಿ ಹತ್ತಿತ್ತು. ಕಲೆಯಾದೀತೆಂದು ಎರಡು ಮುಂಗೈಗಳ ಮೇಲೆ ತೆಗೆದುಕೊಂಡಳು, ಕೂಸನ್ನು ತೆಗೆದುಕೊಳ್ಳುವ ಹಾಗೆ. ಮುದ್ರೆಯನ್ನು ನೋಡಿದಳು. ಏನು ಬರೆದಿದ್ದಾರೆ ಓದು ಎಂದಳು.

ಪಕ್ಕಕ್ಕೆ ಕೂತು ಓದಿದೆ. ಒಂದೊಂದು ಸಾಲು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದೆ. ನನ್ನ ಹೆಸರು, ಓದಿದ ವಿಷಯ, ಯಾವ ದರ್ಜೆ, ಕೆಳಗೆ ಸಹಿ ಮಾಡಿದವರ ಹುದ್ದೆ, ಮೂಲೆಯಲ್ಲಿದ್ದ ನಂಬರು ಕೂಡ. ಒಂದಕ್ಷರ ಬಿಡಲಿಲ್ಲ. ಅವಳು ಪೂರ್ತಿ ಕೇಳಿದಳು. ಮುಗಿದ ಮೇಲೂ ಸ್ವಲ್ಪ ಹೊತ್ತು ಕಾದಳು. ಅಷ್ಟೇ ಅಕ್ಕ, ಎಲ್ಲಾ ಓದಿದೆ, ಎಂದೆ. ಹೂಂ ಎಂದು ಗೋಣು ಹಾಕಿದಳು.

ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ತಂದುಕೊಡುತ್ತೇನೆ, ಇದು ನಿನ್ನದು, ನಿನ್ನ ಹತ್ತಿರವೇ ಇರಲಿ, ಎಂದೆ. ಅವಳು ಮೂಲೆಯ ಆಚೆ ಈಚೆ ಒಮ್ಮೆ ನೋಡಿದಳು.

"ಛಲೋ ಆತಪ," ಅಂದಳು. "ಆದ್ರ ನೀನ ಇಟ್ಟಗೋ. ಇಲ್ಲಿ ಮೊಳಿ ಹೊಡಿಯಾಕ ಗೋಡಿ ನಮ್ಮದಲ್ಲ."